ಬ್ರ್ಯಾಕೆಟಿನೊಳಗಿನ ಎರಡು ತಾಲೂಕು

ಕಾಸರಗೋಡು ಜಿಲ್ಲೆಯ ಮೂಡು ಅಂಚಿನ ದೇಲಂಪಾಡಿ ಪಂಚಾಯತಿನಲ್ಲಿ ಗಾಳಿಮುಖ ಅಂತ ಒಂದು ಸಣ್ಣ ಪೇಟೆ. ಅಲ್ಲಿಂದ ತುಸು ಮುಂದೆ ಹೋದರೆ ಕರ್ನಾಟಕ, ಪುತ್ತೂರು ತಾಲೂಕಿನ ಈಶ್ವರಮಂಗಲ. ಗಡಿ ದಾಟಿದ್ದು ಗೊತ್ತಾಗುವುದು ಅಂಗಡಿ ಬೋರ್ಡುಗಳ ಲಿಪಿಯಿಂದ. ಗುಡ್ಡ ಅದೇ, ಅಡಿಕೆ ತೋಟ ಅದೇ, ಮದುವೆ ಮಾತು ಆಡುವಾಗ ಕೇಳುವ ಬಳಿಗಳ ಹೆಸರೂ ಅವೇ. ಈ ಭಾಗದ ಮರಾಟಿ ನಾಯ್ಕರ ಮನೆಗಳಲ್ಲಿ ಅಕ್ಕನನ್ನು ಆಚೆಗೂ ತಂಗಿಯನ್ನು ಈಚೆಗೂ ಕೊಟ್ಟದ್ದು ಹೊಸ ಸಂಗತಿಯಲ್ಲ. 2003ರಿಂದ 2013ರವರೆಗೆ, ಹತ್ತು ವರ್ಷ, ಆ ಅಕ್ಕನ ಮಕ್ಕಳು ಪರಿಶಿಷ್ಟ ಪಂಗಡದವರಾಗಿದ್ದರು, ತಂಗಿಯ ಮಕ್ಕಳು ಆಗಿರಲಿಲ್ಲ. ಅಜ್ಜಿ ಒಬ್ಬಳೇ. ಒಲೆಯ ಮುಂದೆ ಆಡುವ ಮಾತು ಒಂದೇ. ಮಹಮ್ಮಾಯಿಯ ಹೆಸರಲ್ಲಿ ನಡೆಸುವ ಗೋಂದೋಳು ಪೂಜೆಯೂ ಒಂದೇ.

ಆದಿವಾಸಿ ಎಂಬ ಮಾತಿಗೆ ಅರ್ಥವೇನು ಎಂದು ಯಾರಾದರೂ ಕೇಳಿದಾಗ ನನಗೆ ಮೊದಲು ನೆನಪಾಗುವುದು ಈ ಅಕ್ಕತಂಗಿಯರು. ಮಾತಿನ ಅರ್ಥ ನಿಘಂಟಿನಲ್ಲಿ ಇದೆಯೆಂದು ನಾವು ತಿಳಿದಿದ್ದೇವೆ. ಈ ಮಾತಿನ ಅರ್ಥ ಇರುವುದು ಒಂದು ಪಟ್ಟಿಯಲ್ಲಿ. ಪರಿಶಿಷ್ಟ ಪಂಗಡಗಳ ಆ ಪಟ್ಟಿಯ ಕೇರಳದ ಭಾಗದಲ್ಲಿ, 1976ರಲ್ಲಿ ತಿದ್ದುಪಡಿಯಾದಾಗ, ಮರಾಟಿ ಎಂಬ ಹೆಸರಿನ ಮುಂದೆ ಒಂದು ಬ್ರ್ಯಾಕೆಟ್ ಇತ್ತು. ಅದರೊಳಗೆ ಕಣ್ಣೂರು ಜಿಲ್ಲೆಯ ಹೊಸದುರ್ಗ ಮತ್ತು ಕಾಸರಗೋಡು ತಾಲೂಕುಗಳಲ್ಲಿ ಎಂದಿತ್ತು. ಕಾಸರಗೋಡು ಆಗಿನ್ನೂ ಜಿಲ್ಲೆಯಾಗಿರಲಿಲ್ಲ. ಅದು ಆದದ್ದು 1984ರ ಮೇ 24ರಂದು.

ಪಟ್ಟಿಗೆ ಮುಂಚೆಯೂ ಇಲ್ಲಿ ಹೆಸರುಗಳಿದ್ದವು. ಆ ಹೆಸರುಗಳ ಕಥೆ ಹೇಳದೆ ಪಟ್ಟಿಯ ಕಥೆ ಹೇಳುವುದು ನ್ಯಾಯವಲ್ಲ.

1801ರಲ್ಲಿ ಫ್ರಾನ್ಸಿಸ್ ಬುಕಾನನ್ ಮಲಬಾರಿನ ಕಡೆಯಿಂದ ಚಂದ್ರಗಿರಿ ಹೊಳೆ ದಾಟಿ ತುಳುನಾಡಿಗೆ ಬಂದ. ಟಿಪ್ಪು ಬಿದ್ದು ಎರಡು ವರ್ಷವೂ ಆಗಿರಲಿಲ್ಲ. ಹೊಸದಾಗಿ ಕೈಗೆ ಬಂದ ಸೀಮೆಯಲ್ಲಿ ಏನು ಬೆಳೆಯುತ್ತದೆ, ಯಾರು ಬದುಕುತ್ತಾರೆ ಎಂದು ಬರೆದಿಡುವುದು ಅವನ ಕೆಲಸ. ಕೊರಗರ ಬಗ್ಗೆ ಅವನಿಗೆ ಯಾರೋ ಒಂದು ಕಥೆ ಹೇಳಿದರು. ಹುಬಾಶಿಕನೆಂಬ ಕೊರಗ ಅರಸ ಒಂದು ಕಾಲಕ್ಕೆ ಈ ನಾಡನ್ನೇ ಆಳಿದ್ದನೆಂಬ ಕಥೆ. ಅದನ್ನು ಅವನು ಬರೆದುಕೊಂಡ. ಆದರೆ ಆ ಅರಸನ ಜನಕ್ಕೆ ಅವನು ಬಳಸಿದ ಇಂಗ್ಲಿಷ್ ಪದ ಕಾಡುಮನುಷ್ಯರು ಎಂಬರ್ಥದ್ದು. ಒಂದೇ ವಾಕ್ಯದೊಳಗೆ ಅರಸುತನವೂ ಕಾಡುತನವೂ ಒಟ್ಟಿಗೆ ಕೂತಿವೆ. ಬುಕಾನನ್ ಕೊರಗರ ಜೊತೆ ಕೂತು ಮಾತಾಡಿ ಈ ಪದ ಆರಿಸಿದ್ದಲ್ಲ. ಅವನಿಗೆ ಕಥೆ ಹೇಳಿದವರು ಕೊರಗರನ್ನು ಹೇಗೆ ಕಂಡಿದ್ದರೋ ಹಾಗೆ ಅವನೂ ಕಂಡ.

ಮುಂದೆ 1875ರಲ್ಲಿ ಎಂ. ಜೆ. ವಾಲ್‌ಹೌಸ್ ಕೊರಗರ ಬಗ್ಗೆಯೇ ಒಂದು ಲೇಖನ ಬರೆದರು. 1909ರಲ್ಲಿ ಹೊರಬಂದ ಎಡ್ಗರ್ ಥರ್ಸ್ಟನ್ ಅವರ ಜಾತಿ-ಬುಡಕಟ್ಟುಗಳ ಸಂಪುಟಗಳು ಅದರಿಂದ ಬೇಕಾದಷ್ಟನ್ನು ತೆಗೆದುಕೊಂಡವು. ಅಲ್ಲಿ ಸಿಗುವ ಒಳಪಂಗಡಗಳ ಹೆಸರು ನೋಡಿ: ಅಂಡೆ ಕೊರಗ, ವಸ್ತ್ರ ಕೊರಗ, ಸೊಪ್ಪು ಕೊರಗ. ತುಳುವಿನಲ್ಲಿ ತಪ್ಪು ಎಂದರೆ ಸೊಪ್ಪು, ಹಾಗಾಗಿ ತಪ್ಪು ಕೊರಗರೆಂದೂ ಹೇಳುತ್ತಾರೆ. ಸೊಪ್ಪು ಉಟ್ಟವರು ಸೊಪ್ಪು ಕೊರಗರು. ಹೆಣದ ಮೇಲೆ ಹೊದೆಸಿದ್ದ ಬಟ್ಟೆಯನ್ನು ದಾನವಾಗಿ ಪಡೆದು ಉಟ್ಟವರು ವಸ್ತ್ರ ಕೊರಗರು. ದಾರಿಯಲ್ಲಿ ಉಗುಳು ಬಿದ್ದರೆ ಆ ದಾರಿಗೇ ಮೈಲಿಗೆ ಎಂದು ಕೊರಳಿಗೆ ಅಂಡೆ ಕಟ್ಟಿಕೊಂಡು ಅದರಲ್ಲೇ ಉಗುಳಬೇಕಾಗಿದ್ದವರು ಅಂಡೆ ಕೊರಗರು. ಈ ಹೆಸರುಗಳಲ್ಲಿ ಕೊರಗರು ತಮಗೆ ತಾವು ಇಟ್ಟುಕೊಂಡದ್ದು ಎಂದು ಅನ್ನಿಸುವಂಥದ್ದು ಒಂದಾದರೂ ಇದೆಯೆ? ಅವರ ಮೇಲೆ ಹೇರಿದ್ದನ್ನೆಲ್ಲ ಅವರ ಹೆಸರಾಗಿ ಬರೆದಿಟ್ಟದ್ದು ಇದು. ಮಾನವಶಾಸ್ತ್ರದ ಹೊತ್ತಗೆಗಳಲ್ಲಿ ಇದು ಒಳಪಂಗಡಗಳ ವರ್ಗೀಕರಣ ಎಂಬ ತಣ್ಣನೆಯ ತಲೆಬರಹದ ಕೆಳಗೆ ಬರುತ್ತದೆ. ಓದುವಾಗ ನನ್ನ ಕೈ ಪುಟದ ಮೇಲೆ ಹಾಗೇ ನಿಂತುಬಿಡುತ್ತದೆ.

ಇದೇ ಜನದಿಂದ ಬಂದ ತನಿಯ ಎಂಬ ಹುಡುಗ ಇವತ್ತು ಕೊರಗಜ್ಜ. ಮೈರಕ್ಕೆ ಬೈದೆದಿ ಸಾಕಿದ ಅನಾಥ ಹುಡುಗ ಮಾಯಕವಾಗಿ ದೈವವಾದ ಕಥೆ ತುಳುನಾಡಿನಲ್ಲಿ ಎಲ್ಲರಿಗೂ ಗೊತ್ತು. ಮಂಗಳೂರಿನಿಂದ ಕಾಸರಗೋಡಿನವರೆಗೆ ಹತ್ತು ಆಟೋರಿಕ್ಷಾ ಕಂಡರೆ ಕೆಲವದರ ಗಾಜಿನ ಮೇಲಾದರೂ ಸ್ವಾಮಿ ಕೊರಗಜ್ಜ ಎಂದು ಬರೆದಿರುತ್ತದೆ. ಏನಾದರೂ ಕಳೆದುಹೋದರೆ ಚಕ್ಕುಲಿ, ವೀಳ್ಯ, ಕಳ್ಳಿನ ಹರಕೆ ಹೇಳಿಕೊಳ್ಳದ ಮನೆ ಕಡಿಮೆ. ಅಜ್ಜ ಸೇರಿದರೆ ಆ ಹೆಸರಿಗೆ ಕೈ ಮುಗಿಯುತ್ತಾರೆ. ಅಜ್ಜ ಇಲ್ಲದೆ ಅದೇ ಹೆಸರನ್ನು ನಾನು ಚಿಕ್ಕಂದಿನಲ್ಲಿ ಕೇಳಿದ್ದು ಬೈಗುಳವಾಗಿ. ಬಟ್ಟೆ ಕೊಳೆ ಮಾಡಿಕೊಂಡು ಬಂದ ಮಕ್ಕಳನ್ನು ದೊಡ್ಡವರು ಹಾಗೆ ಕರೆಯುತ್ತಿದ್ದರು. ನಮ್ಮ ಮನೆಯಲ್ಲೂ ಕರೆದಿದ್ದಾರೆ. ಇದನ್ನು ಬರೆಯದೆ ಬಿಟ್ಟರೆ ಉಳಿದದ್ದನ್ನು ಬರೆಯುವ ಹಕ್ಕು ನನಗಿಲ್ಲ.

ಇಲ್ಲಿನ ಇನ್ನೊಂದು ಪದ ಮೂಲದಾಳು. ಇಂದು ಮೂಲನಿವಾಸಿ ಎಂಬ ಮಾತನ್ನು ಎದೆಯೆತ್ತಿ ಹೇಳಿಕೊಳ್ಳುವ ಹೊಸ ಪೀಳಿಗೆಯಿದೆ, ಹೇಳಬೇಕಾದ್ದೇ. ಆದರೆ ಹಳೆಯ ದಕ್ಷಿಣ ಕನ್ನಡದಲ್ಲಿ ಮೂಲದವರು ಎಂದರೆ ಒಂದು ಜಮೀನಿನ ಬುಡಕ್ಕೆ ತಲೆತಲಾಂತರದಿಂದ ಕಟ್ಟಿಹಾಕಿದ ಆಳುಗಳು ಎಂದರ್ಥ. ಭೂಮಿ ಕೈ ಬದಲಾದರೆ ಆಳುಗಳೂ ಕೈ ಬದಲಾಗುತ್ತಿದ್ದರು. 1843ರ ಕಾಯಿದೆ ಗುಲಾಮಗಿರಿಗೆ ಕಾನೂನಿನ ಬೆಂಬಲವನ್ನು ತೆಗೆದುಹಾಕಿತು. ಗದ್ದೆಯ ಬದುವಿನ ಮೇಲೆ ಆ ಪದ ಮಾತ್ರ ಬಹಳ ಕಾಲ ಉಳಿಯಿತು. ಈ ನೆಲದ ಮೊದಲಿಗರು ಎಂಬ ಅರ್ಥ ಅದರಲ್ಲಿ ಅಡಗಿತ್ತೋ ಏನೋ, ಆದರೆ ಅದನ್ನು ಆಡಿದವರು ಆ ಅರ್ಥದಲ್ಲಿ ಆಡಲಿಲ್ಲ.

ಮರಾಟಿಗಳ ದಾರಿ ಬೇರೆ. ಅವರು ಗೋವೆಯ ಕಡೆಯಿಂದ ಬಂದವರೆಂದೇ ಹೇಳಿಕೆ. ಮನೆಮಾತು ಮರಾಠಿ-ಕೊಂಕಣಿಗೆ ಹತ್ತಿರದ ಒಂದು ನುಡಿ, ಹೊರಗೆ ತುಳು, ಶಾಲೆಯಲ್ಲಿ ಕನ್ನಡ. ಗುಡ್ಡದ ಕಾಡು ಕಡಿದು, ಒಣಗಿಸಿ, ಸುಟ್ಟು, ಬೂದಿಯಲ್ಲಿ ಬಿತ್ತಿ, ಒಂದೆರಡು ಬೆಳೆ ತೆಗೆದು ಆ ಜಾಗವನ್ನು ಮತ್ತೆ ಕಾಡಿಗೆ ಬಿಟ್ಟು ಮುಂದಿನ ಗುಡ್ಡಕ್ಕೆ ಹೋಗುವ ಕುಮೇರಿ ಬೇಸಾಯ ಅವರದ್ದು. ಮದರಾಸಿನ ಅರಣ್ಯ ಇಲಾಖೆ ಕಟ್ಟಿದ ಹ್ಯೂ ಕ್ಲೆಗ್‌ಹಾರ್ನ್ 1861ರಲ್ಲಿ ಹೊರತಂದ ಪುಸ್ತಕದಲ್ಲಿ ಬೇಕಲ ತಾಲೂಕಿನ ಕುಮೇರಿಯ ಲೆಕ್ಕವಿದೆ. ಈಗಿನ ಕಾಸರಗೋಡಿಗೆ ಆಗ ಬೇಕಲ ತಾಲೂಕು ಎಂದು ಹೆಸರು. ಅಲ್ಲಿನ ಹಳ್ಳಿಗರಲ್ಲಿ ಆರರಲ್ಲೊಂದು ಪಾಲು ಜನ ಕುಮೇರಿಯಿಂದಲೇ ಹೊಟ್ಟೆ ಹೊರೆಯುತ್ತಿದ್ದರು. ಅಷ್ಟರಲ್ಲೇ, 1860ರಲ್ಲಿ, ಅಪ್ಪಣೆಯಿಲ್ಲದೆ ಸರಕಾರಿ ಕಾಡಿನಲ್ಲಿ ಕುಮೇರಿ ಮಾಡಕೂಡದೆಂದು ಆಜ್ಞೆಯಾಗಿತ್ತು. ಗುಡ್ಡದಿಂದ ಗುಡ್ಡಕ್ಕೆ ನಡೆಯುತ್ತಿದ್ದವರು ಇಳಿದು ಬಂದು ಇನ್ನೊಬ್ಬರ ಗದ್ದೆಯಲ್ಲಿ, ತೋಟದಲ್ಲಿ ಒಕ್ಕಲಾದರು, ಆಳಾದರು. ಕುಮೇರಿ ಎಂಬುದು ಈಗ ಇಲ್ಲಿ ಮನೆಗಳ ಹೆಸರಾಗಿ, ಜಾಗದ ಹೆಸರಾಗಿ ಉಳಿದಿದೆ. ಹೊಗೆ ಆರಿ ನೂರೈವತ್ತು ವರ್ಷವಾದ ಮೇಲೂ ಅಂಚೆಯವನು ಆ ಹೆಸರು ನೋಡಿ ಕಾಗದ ಕೊಡುತ್ತಾನೆ.

ಥರ್ಸ್ಟನ್ ಸಂಪುಟದಲ್ಲಿ ಮರಾಟಿ ಎಂಬ ಹೆಸರಿನ ಬಗ್ಗೆ ಒಂದು ಎಚ್ಚರಿಕೆಯಿದೆ. ಇದು ಗೊಂದಲಕ್ಕೆ ಎಡೆಕೊಡುವ ಹೆಸರು, ಮರಾಠಿ ಮಾತಾಡುವ ಬೇರೆ ಬೇರೆ ಜಾತಿಯವರು ಇದರೊಳಗೆ ಸೇರಿಹೋಗಿರಬಹುದು ಎಂದು. ಆ ಎಚ್ಚರಿಕೆಯನ್ನು ಕಿವಿಗೆ ಹಾಕಿಕೊಂಡವರು ಕಡಿಮೆ. ಕನ್ನಡದಲ್ಲಿ ಅಲ್ಪಪ್ರಾಣದ ಟ ಹಾಕಿದರೆ ಮರಾಟಿ, ಮಹಾಪ್ರಾಣದ ಠ ಹಾಕಿದರೆ ಮರಾಠಿ. ಮೊದಲನೆಯದು ಈ ಗುಡ್ಡಗಾಡಿನ ಸಮುದಾಯ, ಎರಡನೆಯದು ಒಂದು ಭಾಷೆ. ಮರಾಠ ಎಂದರೆ ಶಿವಾಜಿಯ ಜಾತಿ ಎಂಬುದು ಪೇಟೆಯವರ ತಿಳಿವಳಿಕೆ. ಕರ್ನಾಟಕದ ಪಟ್ಟಿಯಲ್ಲಿ ದಕ್ಷಿಣ ಕನ್ನಡಕ್ಕೆ ಮರಾಟಿ, ಕೊಡಗಿಗೆ ಮರಾಠ ಎಂದು ಎರಡೂ ಇವೆ. ಆಡುವಾಗ ನಾವು ತುಳುನಾಡಿನವರು ಮಹಾಪ್ರಾಣವನ್ನು ಅಷ್ಟಾಗಿ ಉಸುರುವುದಿಲ್ಲ, ಹಾಗಾಗಿ ಕಿವಿಗೆ ವ್ಯತ್ಯಾಸ ತಿಳಿಯದು. ಕಚೇರಿಯ ಕಾಗದಕ್ಕೆ ತಿಳಿಯುತ್ತದೆ. ಹಳೆಯ ಶಾಲೆಯ ದಾಖಲೆಯಲ್ಲಿ ಮಾಸ್ತರರು ಅವಸರದಲ್ಲಿ ಠ ಬರೆದುಬಿಟ್ಟಿದ್ದರೆ, ಮೂವತ್ತು ವರ್ಷದ ಮೇಲೆ ಆ ಒಂದು ಹೊಕ್ಕುಳ ಚುಕ್ಕಿಯ ಲೆಕ್ಕ ಕೊಡಬೇಕಾದವರು ಮೊಮ್ಮಕ್ಕಳು. ಹೆಸರೊಂದರ ನೆರಳು ಇನ್ನೊಂದರ ಮೇಲೆ ಬೀಳುವುದು ಇಲ್ಲಿ ಇದೊಂದೇ ಅಲ್ಲ. ಕೇರಳದ ಪರಿಶಿಷ್ಟ ಜಾತಿ ಪಟ್ಟಿಯಲ್ಲಿ ಮೊಗೇರ ಎಂಬುದರ ಪಕ್ಕದಲ್ಲೇ ಮೊಗೆಯರ್ ಅಲ್ಲದ ಎಂದು ಬರೆಯಬೇಕಾಗಿ ಬಂದಿದೆ.

ಇನ್ನು ಆದಿವಾಸಿ. ನಮ್ಮ ಅಜ್ಜಂದಿರಿಗೆ ಈ ಪದ ಗೊತ್ತಿರಲಿಲ್ಲ. ಅದು ಬಳಕೆಗೆ ಬಂದದ್ದು 1930ರ ದಶಕದಲ್ಲಿ, ಛೋಟಾ ನಾಗಪುರದ ಕಡೆ. 1939ರಲ್ಲಿ ಆದಿವಾಸಿ ಮಹಾಸಭೆಯ ಅಧ್ಯಕ್ಷರಾದ ಜೈಪಾಲ್ ಸಿಂಗ್, 1928ರ ಒಲಿಂಪಿಕ್ಸಿನಲ್ಲಿ ಭಾರತದ ಹಾಕಿ ತಂಡದ ನಾಯಕರಾಗಿದ್ದ ಮುಂಡಾ ಸಮುದಾಯದ ಮನುಷ್ಯ, ಅದನ್ನು ರಾಜಕೀಯದ ಪದವಾಗಿ ಬೆಳೆಸಿದರು. ಠಕ್ಕರ್ ಬಾಪಾ ಅವರಂಥ ಗಾಂಧಿವಾದಿಗಳು ಅದನ್ನು ಸೇವೆಯ ಪದವಾಗಿ ಊರೂರಿಗೆ ಒಯ್ದರು. ಮದರಾಸು ಪ್ರಾಂತದಲ್ಲಿ ಅದಕ್ಕೂ ಮುಂಚೆ ಆದಿ ಎಂಬ ಮಾತಿಗೆ ಬೇರೊಂದು ನಡೆ ಇತ್ತು. 1922ರಲ್ಲಿ ಎಂ. ಸಿ. ರಾಜಾ ಅವರ ಒತ್ತಾಯದಿಂದ ಪಂಚಮ, ಪರೆಯ ಎಂಬ ಹೆಸರುಗಳ ಜಾಗದಲ್ಲಿ ಆದಿ ದ್ರಾವಿಡ ಎಂದು ಬರೆಯಲು ವಿಧಾನ ಪರಿಷತ್ತು ಒಪ್ಪಿತು. ಕಾಸರಗೋಡು ಆಗ ಮದರಾಸಿನದೇ ಭಾಗ. ಮಂಗಳೂರಿನಲ್ಲಿ ಕುದ್ಮುಲ್ ರಂಗರಾಯರು ಅದಾಗಲೇ ಕಾಲು ಶತಮಾನದಿಂದ ದಲಿತರ ಮಕ್ಕಳಿಗೆ ಶಾಲೆ ನಡೆಸುತ್ತಿದ್ದರು. ಯಾರು ಮೊದಲು ಇಲ್ಲಿದ್ದರು ಎಂಬ ಪ್ರಶ್ನೆಯನ್ನು ತಿರುಗಿ ಕೇಳಿದ ಹೆಸರುಗಳು ಇವು. ಆದಿ ಎಂದು ಹೇಳಿಕೊಂಡವನು ನಿನ್ನ ಜಮೀನಿಗೆ ನಾನು ಆಳಲ್ಲ, ನೀನು ಬರುವ ಮೊದಲೇ ನಾನಿದ್ದೆ ಎಂದು ಹೇಳಿದ ಹಾಗಾಯಿತು.

ಸಂವಿಧಾನ ಸಭೆಯಲ್ಲಿ ಜೈಪಾಲ್ ಸಿಂಗ್ ತಮ್ಮನ್ನು ಜಂಗ್ಲಿ ಎಂದು ಕರೆದುಕೊಳ್ಳಲು ನಾಚಿಕೆಯಿಲ್ಲವೆಂದರು. ಹಿಂದಿಯ ಕರಡಿನಲ್ಲಿ ಬನಜಾತಿ ಎಂದು ಬರೆದದ್ದಕ್ಕೆ ಸಿಟ್ಟಾಗಿ ಆದಿಬಾಸಿ ಎಂದೇ ಬೇಕು ಎಂದು ಪಟ್ಟುಹಿಡಿದರು. ಅಂಬೇಡ್ಕರ್ ಒಪ್ಪಲಿಲ್ಲ. ಅವರ ವಾದದ ಸಾರ ಇದು: ಆದಿವಾಸಿ ಎಂಬುದು ಸಾಮಾನ್ಯ ಪದ, ಯಾರು ಬೇಕಾದರೂ ಯಾರನ್ನು ಬೇಕಾದರೂ ಅದರೊಳಗೆ ಸೇರಿಸಬಹುದು. ಪರಿಶಿಷ್ಟ ಪಂಗಡ ಎಂದರೆ ಹಾಗಲ್ಲ. ಅದು ಹೆಸರುಗಳನ್ನು ಒಂದೊಂದಾಗಿ ಎಣಿಸಿ ಹೇಳುತ್ತದೆ. ನ್ಯಾಯಾಲಯದಲ್ಲಿ ಹಕ್ಕು ಕೇಳುವಾಗ ಯಾರಿಗೆ ಆ ಹಕ್ಕಿದೆ ಎಂಬುದು ಖಚಿತವಾಗಿರಬೇಕು. ವಕೀಲರಾಗಿ ಅವರು ಹೇಳಿದ್ದು ಸರಿಯೇ. ಆದರೆ ಆ ದಿನದಿಂದ ಆದಿವಾಸಿ ಬೇರೆ, ಪರಿಶಿಷ್ಟ ಪಂಗಡ ಬೇರೆ ಆಯಿತು. ಮೊದಲನೆಯದು ಪಟ್ಟಿ ಇಲ್ಲದೆಯೂ ಬದುಕುವ ಮಾತು. ಎರಡನೆಯದಕ್ಕೆ ಪಟ್ಟಿಯ ಆಚೆ ಅರ್ಥವೇ ಇಲ್ಲ. ಮಲಯಾಳದಲ್ಲಿ ಇದನ್ನು ಪಟ್ಟಿಕವರ್ಗ ಎನ್ನುತ್ತಾರೆ, ಪಟ್ಟಿಯಲ್ಲಿರುವ ವರ್ಗ. ಕನ್ನಡದ ಪರಿಶಿಷ್ಟಕ್ಕೆ ಸಂಸ್ಕೃತದಲ್ಲಿ ಉಳಿದದ್ದು, ಪುಸ್ತಕದ ಕೊನೆಗೆ ಸೇರಿಸಿದ ಅನುಬಂಧ ಎಂಬ ಅರ್ಥ. ಕಾಸರಗೋಡಿನ ಕನ್ನಡಿಗರಿಗೆ ಎರಡೂ ಪದ ಗೊತ್ತು. ವಿಲ್ಲೇಜ್ ಆಫೀಸಿನಲ್ಲಿ ಒಂದು, ಮನೆಗೆ ಬರುವ ಕನ್ನಡ ಪೇಪರಿನಲ್ಲಿ ಇನ್ನೊಂದು.

ಕನ್ನಡದಲ್ಲಿ ಮಾತ್ರ ಸಿಗುವ ಪದ ಬುಡಕಟ್ಟು. ಬದಿಯಡ್ಕದ ಕಡೆ ಕೊರಗರ ಒಂದು ಅಂಗಳದಲ್ಲಿ ಬುಟ್ಟಿ ಹೆಣೆಯುವುದನ್ನು ನೋಡುತ್ತಾ ಕೂತಿದ್ದಾಗ ಈ ಪದ ನನಗೆ ಮೊದಲ ಬಾರಿ ಕಣ್ಣಿಗೆ ಕಂಡಿತು. ಕಾಡಿನಿಂದ ತಂದ ಬೀಳನ್ನು ಆ ಹೆಂಗಸು ಕತ್ತಿಯ ಮೊನೆಯಲ್ಲಿ ಸೀಳಿ, ಸಿಪ್ಪೆ ಕೆರೆದು, ಮೊಣಕಾಲಿನ ಮೇಲೆ ಎಳೆದು ನಯ ಮಾಡುತ್ತಿದ್ದರು. ಆಮೇಲೆ ಕೆಲವು ಎಳೆಗಳನ್ನು ನಕ್ಷತ್ರದ ಹಾಗೆ ಅಡ್ಡಡ್ಡ ಇಟ್ಟು, ಹೆಬ್ಬೆರಳಲ್ಲಿ ಒತ್ತಿ ಹಿಡಿದು, ಅವುಗಳ ಸುತ್ತ ಒಂದು ಸಪೂರ ಎಳೆಯನ್ನು ಮೇಲೆ ಕೆಳಗೆ ಹಾಯಿಸತೊಡಗಿದರು. ಮೊದಲ ಎರಡು ಸುತ್ತು ಬಿಗಿಯಾಗಿರಬೇಕು, ಬುಡ ಸರಿಯಾಗಿ ಕಟ್ಟದಿದ್ದರೆ ಎಷ್ಟು ಚಂದ ಹೆಣೆದರೂ ಬುಟ್ಟಿ ನೆಲದ ಮೇಲೆ ಕೂರುವುದಿಲ್ಲ ಎಂದರು, ತುಳುವಿನಲ್ಲಿ. ನನ್ನೊಂದಿಗೆ ತುಳು, ಪಂಚಾಯತಿನವರೊಂದಿಗೆ ಮಲಯಾಳ, ಒಳಗಿನಿಂದ ಕರೆದ ಮಗಳಿಗೆ ನನಗೆ ತಿಳಿಯದ ಇನ್ನೊಂದು ಮಾತು. ಆ ಮಾತನ್ನು ಡಿ. ಎನ್. ಶಂಕರ ಭಟ್ಟರು ಅಧ್ಯಯನ ಮಾಡಿ 1971ರಲ್ಲಿ ಪುಣೆಯ ಡೆಕ್ಕನ್ ಕಾಲೇಜಿನಿಂದ ಕೊರಗ ಭಾಷೆ ಎಂಬ ಪುಸ್ತಕ ಹೊರತಂದರು. ಹೊರಗಿನವರ ಮುಂದೆ ಆಡದೆ ಕಾಪಾಡಿಕೊಂಡು ಬಂದ ಭಾಷೆ ಅದು. 2011ರ ಜನಗಣತಿಯಲ್ಲಿ ಕೊರಗರು ಕೇರಳದಲ್ಲಿ 1,582, ಕರ್ನಾಟಕದಲ್ಲಿ 14,794.

1956ರ ನವೆಂಬರ್ 1ರಂದು ಕಾಸರಗೋಡು ಕೇರಳಕ್ಕೆ ಸೇರಿತು. ಕನ್ನಡಿಗರ ನೋವಾಗಿ, ಹೋರಾಟವಾಗಿ ಈ ಕಥೆಯನ್ನು ನಾವು ಅನೇಕ ಸಲ ಹೇಳಿಕೊಂಡಿದ್ದೇವೆ. 1967ರ ಮಹಾಜನ್ ವರದಿ ಚಂದ್ರಗಿರಿಯ ಉತ್ತರದ ಭಾಗ ಮೈಸೂರಿಗೆ ಹೋಗಲಿ ಎಂದದ್ದನ್ನೂ ಹೇಳಿಕೊಂಡಿದ್ದೇವೆ. ಆದರೆ ಆ ಗೆರೆ ಕೊರಗರನ್ನು, ಮರಾಟಿಗಳನ್ನು, ಕುಡಿಯರನ್ನು ಎರಡಾಗಿ ಸೀಳಿತು ಎಂಬುದನ್ನು ನಮ್ಮ ಭಾಷಣಗಳಲ್ಲಿ ನಾನು ಕೇಳಿದ ನೆನಪಿಲ್ಲ. ಸಂವಿಧಾನದ 342ನೇ ವಿಧಿಯ ಪ್ರಕಾರ ಪಂಗಡಗಳ ಪಟ್ಟಿ ರಾಜ್ಯ ರಾಜ್ಯಕ್ಕೆ ಬೇರೆ. ಒಂದು ರಾಜ್ಯದಲ್ಲಿ ಪರಿಶಿಷ್ಟ ಪಂಗಡದವನಾದವನು ಇನ್ನೊಂದು ರಾಜ್ಯಕ್ಕೆ ಹೋದರೆ ಆ ಸ್ಥಾನ ಜೊತೆಗೆ ಬರುವುದಿಲ್ಲವೆಂದು ಸುಪ್ರೀಂ ಕೋರ್ಟು 1990ರಲ್ಲಿ ಮರ್ರಿ ಚಂದ್ರಶೇಖರ ರಾವ್ ಪ್ರಕರಣದಲ್ಲಿ ಹೇಳಿತು. ಕೊರಗರಿಗೆ ಈ ಗೆರೆ ಇನ್ನೊಂದು ರೀತಿಯಲ್ಲಿ ಅಡ್ಡ ಬಂತು. ಸೀಮಂತದ ಹೊತ್ತಿಗೆ ಕೂದಲು, ಉಗುರು ಬೆರೆಸಿದ ಅನ್ನ ತಿನ್ನಿಸುವುದು, ಕಂಬಳದ ಹಿಂದಿನ ರಾತ್ರಿ ಪನಿಕುಲ್ಲುನಿ ಎಂದು ಇಬ್ಬನಿಯಲ್ಲಿ ಕೂರಿಸುವುದು, ಈ ಅಜಲು ಪದ್ಧತಿಯನ್ನು ಕರ್ನಾಟಕ 2000ದಲ್ಲಿ ಕಾಯಿದೆ ಮಾಡಿ ನಿಷೇಧಿಸಿತು. ಆ ಕಾಯಿದೆಯ ಕೈ ಗಡಿಯ ತಲಪಾಡಿಯವರೆಗೆ ಮಾತ್ರ ಚಾಚುತ್ತಿತ್ತು.

ಯಾರು ಬುಡಕಟ್ಟು ಎಂದು ಅಳೆಯಲು ಬಿ. ಎನ್. ಲೋಕೂರ್ ಸಮಿತಿ 1965ರಲ್ಲಿ ಐದು ಗುರುತು ಹೇಳಿತ್ತು. ಆದಿಮ ಲಕ್ಷಣ, ಬೇರೆಯೇ ಆದ ಸಂಸ್ಕೃತಿ, ದೂರದ ಒಂಟಿ ನೆಲೆ, ಹೊರಗಿನವರೊಂದಿಗೆ ಬೆರೆಯಲು ಸಂಕೋಚ, ಹಿಂದುಳಿದಿರುವಿಕೆ. ಈ ಗುರುತುಗಳನ್ನು ಎದುರಿಗಿಟ್ಟುಕೊಂಡು ಒಬ್ಬ ಮರಾಟಿ ಹುಡುಗನನ್ನು ನೋಡಿ. ಅವನು ಕನ್ನಡ ಶಾಲೆಗೆ ಹೋಗುತ್ತಾನೆ, ಅಂಗಿ ಇಸ್ತ್ರಿ ಮಾಡಿಕೊಳ್ಳುತ್ತಾನೆ, ಮಾಸ್ತರಿಕೆಯ ಪರೀಕ್ಷೆ ಕಟ್ಟುತ್ತಾನೆ. ಸಂಕೋಚ ಎಲ್ಲಿದೆ, ಒಂಟಿತನ ಎಲ್ಲಿದೆ ಎಂದು ಕೇಳುವವರು ಕೇಳಿದರು. ಕೊಟ್ಟ ಸೌಲಭ್ಯದಿಂದ ಒಂದು ಪೀಳಿಗೆ ಮೇಲೆದ್ದದ್ದನ್ನೇ ಆ ಸೌಲಭ್ಯಕ್ಕೆ ಅವರು ಅರ್ಹರಲ್ಲ ಎಂಬುದಕ್ಕೆ ಸಾಕ್ಷಿ ಮಾಡಿಕೊಳ್ಳುವ ಈ ತರ್ಕ ನನಗೆ ಯಾವತ್ತೂ ಒಪ್ಪಿಗೆಯಾಗಿಲ್ಲ.

2003ರ ಜನವರಿಯಲ್ಲಿ ಪರಿಶಿಷ್ಟ ಜಾತಿ ಮತ್ತು ಪಂಗಡಗಳ ಆದೇಶ ತಿದ್ದುಪಡಿ ಕಾಯಿದೆ ಬಂತು. ಅದು ಹತ್ತಾರು ರಾಜ್ಯಗಳ ಪಟ್ಟಿಯನ್ನು ಒಟ್ಟಿಗೆ ತಿದ್ದಿದ ಕಾಯಿದೆ. ಕೇರಳದ ಭಾಗದಲ್ಲಿ ಮರಾಟಿ ಎಂಬ ಸಾಲು ಹೋಯಿತು, ಬ್ರ್ಯಾಕೆಟ್ ಸಮೇತ. ಅದೇ ಕಾಯಿದೆಯಲ್ಲಿ ಮಾವಿಲನ್ ಎಂಬ ಹೆಸರು ಒಳಗೆ ಬಂತು, ಕಾಸರಗೋಡು ಮತ್ತು ಕಣ್ಣೂರು ಜಿಲ್ಲೆಗಳ ಮಲವೇಟ್ಟುವನ್ ಒಳಗೆ ಬಂತು.

ಮಾವಿಲರನ್ನು ನೋಡಿ. 1901ರ ಮದರಾಸು ಜನಗಣತಿ ವರದಿಯೇ ಅವರ ಬಗ್ಗೆ ಬೇಟೆಗಾರರು, ಗಿಡಮೂಲಿಕೆ ಬಲ್ಲವರು, ತುಳು ಆಡುವವರು ಎಂದು ಬರೆದಿತ್ತು. ಮಾವಿಲಾವು ಎಂಬ ಔಷಧಿ ಗಿಡದಿಂದ ಅವರ ಹೆಸರು ಬಂತೆಂಬ ಹೇಳಿಕೆಯಿದೆ. ಜೇನು ಮತ್ತು ಕಾಡುತ್ಪತ್ತಿ ಕೂಡಿಸುವವರೆಂದು ಮಲಬಾರಿನ ಗೆಜೆಟಿಯರ್ ಹೇಳಿತು. ಲೋಕೂರ್ ಸಮಿತಿಯ ಐದು ಗುರುತು ಯಾರಿಗಾದರೂ ಹೊಂದುವುದಾದರೆ ಹೊಸದುರ್ಗದ ಮೂಡಣ ಗುಡ್ಡಗಳ ಈ ಜನಕ್ಕೆ ಹೊಂದಬೇಕು. ಆದರೂ ಅಷ್ಟು ವರ್ಷ ಅವರು ಇದ್ದದ್ದು ಪರಿಶಿಷ್ಟ ಜಾತಿಗಳ ಪಟ್ಟಿಯಲ್ಲಿ. ಅವರ ಕಾಡು, ಅವರ ಜೇನು, ಅವರ ತುಳು ಯಾವುದೂ 2003ರಲ್ಲಿ ಹೊಸದಾಗಿ ಹುಟ್ಟಿದ್ದಲ್ಲ. ಒಂದು ಸಹಿ ಬಿದ್ದ ದಿನ ಅವರು ಬುಡಕಟ್ಟಾದರು, ಪಕ್ಕದ ಗುಡ್ಡದ ಮರಾಟಿಗಳು ಬುಡಕಟ್ಟಲ್ಲದವರಾದರು.

ಜಿಲ್ಲೆಯ ಅಂಕಿ ತೆಗೆದು ನೋಡಿದರೆ ಇದರ ನೆರಳು ಕಾಣುತ್ತದೆ. 2001ರ ಜನಗಣತಿಯಲ್ಲಿ ಕಾಸರಗೋಡಿನ ಪರಿಶಿಷ್ಟ ಪಂಗಡದವರು 30,338. 2011ರಲ್ಲಿ 48,857. ಹತ್ತು ವರ್ಷದಲ್ಲಿ ಹದಿನೆಂಟು ಸಾವಿರ ಹೆಚ್ಚು. ತೊಟ್ಟಿಲುಗಳಿಂದ ಬಂದ ಹೆಚ್ಚಳವಲ್ಲ ಇದು. ಒಂದು ಸಮುದಾಯವನ್ನು ಕಳೆದು ಇನ್ನೆರಡನ್ನು ಕೂಡಿಸಿದ ಲೆಕ್ಕ. ಅಂಕಿಯನ್ನಷ್ಟೇ ನೋಡುವ ಮುಂದಿನ ಯಾರೋ ಸಂಶೋಧಕ ಈ ಜಿಲ್ಲೆಯಲ್ಲಿ ಆದಿವಾಸಿಗಳು ಭರಭರ ಬೆಳೆದರು ಎಂದು ಬರೆಯದಿರಲಿ.

ಪಟ್ಟಿಯಿಂದ ಹೊರಗೆ ಹೋಗುವುದೆಂದರೆ ಏನು? ಪೇಪರಿನಲ್ಲಿ ಅದು ಒಂದು ಸಾಲು. ಮನೆಯಲ್ಲಿ ಅದು ಪ್ಲಾಸ್ಟಿಕ್ ಕವರಿನಲ್ಲಿಟ್ಟ ಅಪ್ಪನ ಎಸ್ಸೆಸ್ಸೆಲ್ಸಿ ಪುಸ್ತಕ. ಅದರಲ್ಲಿ ಜಾತಿಯ ಕಾಲಂನಲ್ಲಿ ಮರಾಟಿ, ಎಸ್.ಟಿ. ಎಂದು ನೀಲಿ ಶಾಯಿಯಲ್ಲಿ ಬರೆದಿದೆ. ಮಗಳ ಪ್ಲಸ್ ಟು ಅರ್ಜಿಯಲ್ಲಿ ಅದೇ ಕಾಲಂ ಖಾಲಿ. ನನಗೆ ಪರಿಚಯದ ಒಬ್ಬರು ಇದನ್ನು ಹಿಡಿದುಕೊಂಡು ಕಚೇರಿಯಿಂದ ಕಚೇರಿಗೆ ತಿರುಗಿದರು. ಅಪ್ಪ ಮಗಳಿಗೆ ಜಾತಿ ಒಂದೇ ಅಲ್ಲವೇ ಸಾರ್ ಎಂದು ಅವರು ಕೇಳಿದಾಗ, ಮೇಜಿನ ಆಚೆಯವರು ಜಾತಿ ಒಂದೇ, ಪಟ್ಟಿ ಬೇರೆ ಎಂದರಂತೆ. ಆ ಅಧಿಕಾರಿ ಹೇಳಿದ್ದು ತಪ್ಪಲ್ಲ. 2000ದ ನವೆಂಬರಿನಲ್ಲೇ ಸುಪ್ರೀಂ ಕೋರ್ಟಿನ ಸಂವಿಧಾನ ಪೀಠ ಮಿಲಿಂದ್ ಪ್ರಕರಣದಲ್ಲಿ ಹೇಳಿಯಾಗಿತ್ತು: ಪಟ್ಟಿಯಲ್ಲಿ ಬರೆದದ್ದನ್ನು ಬರೆದ ಹಾಗೆ ಓದಬೇಕು, ಕೋರ್ಟು ಅದಕ್ಕೆ ಒಂದು ಹೆಸರು ಸೇರಿಸುವಂತಿಲ್ಲ, ಒಂದು ಹೆಸರಿನೊಳಗೆ ಇನ್ನೊಂದು ಇದೆಯೆಂದು ಹೇಳುವಂತಿಲ್ಲ. ತಿದ್ದಬೇಕಾದರೆ ಸಂಸತ್ತೇ ತಿದ್ದಬೇಕು. ಹಾಗಾಗಿ ಬೀದಿ, ವಿಧಾನಸಭೆ, ದೆಹಲಿ ಎಂದು ಹತ್ತು ವರ್ಷದ ನಡಿಗೆ. ಸಮುದಾಯದವರು ತಮ್ಮ ಪೂಜೆ, ಬಳಿ, ಬಡತನ, ಬಾಲೆಸಾಂತು ಕುಣಿತವನ್ನೆಲ್ಲ ದಾಖಲೆಯಾಗಿ ಕಟ್ಟಿಕೊಟ್ಟರು. ಮನೆಯೊಳಗೆ ಆಡಿಕೊಂಡು ಬಂದದ್ದನ್ನು ತಮ್ಮತನದ ಸಾಕ್ಷಿಯಾಗಿ ಅಧಿಕಾರಿಗಳ ಮುಂದೆ ಆಡಿ ತೋರಿಸುವುದು ಸುಲಭದ ಅನುಭವವಲ್ಲ.

2013ರಲ್ಲಿ ಸಂಸತ್ತು ಮತ್ತೊಂದು ತಿದ್ದುಪಡಿ ಒಪ್ಪಿತು. ಮರಾಟಿ ಹಿಂದಕ್ಕೆ ಬಂತು. ಈ ಹತ್ತು ವರ್ಷದಲ್ಲಿ ಕಾಲೇಜಿನ ವಯಸ್ಸು ದಾಟಿದವರಿಗೆ ಅದರಿಂದ ಏನೂ ಹಿಂದಕ್ಕೆ ಬರಲಿಲ್ಲ.

ಕೊರಗರ ಹೆಸರಿನ ಮುಂದಿನ ಇಂಗ್ಲಿಷ್ ವಿಶೇಷಣವೂ ಈ ನಡುವೆ ಬದಲಾಗಿತ್ತು. ಧೇಬರ್ ಆಯೋಗದ ಮಾತಿನ ಮೇಲೆ 1975ರಲ್ಲಿ ಹುಟ್ಟಿದ ಆದಿಮ ಬುಡಕಟ್ಟು ಎಂಬ ವರ್ಗದಲ್ಲಿ ಕೇರಳದ ಐದು ಸಮುದಾಯಗಳಲ್ಲಿ ಕೊರಗರೂ ಒಬ್ಬರು. 2006ರಲ್ಲಿ ಆದಿಮ ಎಂಬುದನ್ನು ಬಿಟ್ಟು ವಿಶೇಷವಾಗಿ ದುರ್ಬಲ ಬುಡಕಟ್ಟು ಎಂದರು. ಮರುವರ್ಷ ಸೆಪ್ಟೆಂಬರ್ 13ರಂದು ವಿಶ್ವಸಂಸ್ಥೆ ಮೂಲನಿವಾಸಿಗಳ ಹಕ್ಕುಗಳ ಘೋಷಣೆ ಅಂಗೀಕರಿಸಿದಾಗ ಭಾರತ ಪರವಾಗಿ ಮತ ಹಾಕಿತು, ಆದರೆ ಸ್ವಾತಂತ್ರ್ಯಾನಂತರದ ಭಾರತದಲ್ಲಿ ಎಲ್ಲರೂ ಮೂಲನಿವಾಸಿಗಳೇ ಎಂಬ ತನ್ನ ನಿಲುವನ್ನು ಬಿಡಲಿಲ್ಲ. ಆಗಸ್ಟ್ 9ರಂದು ನಮ್ಮ ಶಾಲೆಗಳಲ್ಲಿ ನಡೆಯುವ ಮೂಲನಿವಾಸಿಗಳ ದಿನದ ಆಚರಣೆಯ ಹಿಂದೆ ಈ ಮಾತೂ ಇದೆ.

2024ರ ಜೂನ್ 18ರಂದು ಕೆ. ರಾಧಾಕೃಷ್ಣನ್ ಕೇರಳದ ಸಚಿವ ಸ್ಥಾನ ಬಿಡುವ ದಿನ ಕೊನೆಯದಾಗಿ ಒಂದು ಆದೇಶಕ್ಕೆ ಸಹಿ ಹಾಕಿದರು. ಪರಿಶಿಷ್ಟರು ಇರುವ ಜಾಗಗಳನ್ನು ಕಾಲನಿ, ಸಂಕೇತ, ಊರು ಎಂದು ಕರೆಯಬೇಡಿ, ನಗರ್, ಉನ್ನತಿ, ಪ್ರಕೃತಿ ಎಂದೋ ಆ ಜಾಗದವರು ಒಪ್ಪುವ ಹೆಸರಿನಲ್ಲೋ ಕರೆಯಿರಿ ಎಂದು. ಕಾಲನಿ ಎಂಬ ಪದ ಎಷ್ಟು ಚುಚ್ಚುತ್ತದೆ ಎಂಬುದು ಬಸ್ಸಿನಲ್ಲಿ ಕಾಲನಿ ಸ್ಟಾಪ್ ಎಂದು ಕೂಗುವಾಗ ಇಳಿಯಬೇಕಾದ ಮಕ್ಕಳಿಗೆ ಗೊತ್ತು. ಆ ಆದೇಶವನ್ನು ನಾನು ಮನಸಾರೆ ಸ್ವಾಗತಿಸುತ್ತೇನೆ. ಊರು ಎಂಬುದನ್ನೂ ಬಿಡಬೇಕೆಂಬುದು ಮಾತ್ರ ಒಳಗೆಲ್ಲೋ ಕೊರೆಯುತ್ತದೆ. ಮಲಯಾಳಕ್ಕೂ ಕನ್ನಡಕ್ಕೂ ತುಳುವಿಗೂ ಸೇರಿದ ಹಳೆಯ, ಚಂದದ ಪದ ಅದು. ಅದಕ್ಕೆ ಕೊಳೆ ಮೆತ್ತಿದವರು ಅಲ್ಲಿ ವಾಸವಿದ್ದವರಲ್ಲ.

ಮರುವರ್ಷ ಜನವರಿಯಲ್ಲಿ ತಿರುವನಂತಪುರದ ಶಾಲಾ ಕಲೋತ್ಸವದಲ್ಲಿ ಮೊದಲ ಬಾರಿಗೆ ಗೋತ್ರಕಲೆಗಳು, ಅಂದರೆ ಬುಡಕಟ್ಟು ಕಲೆಗಳು, ಸ್ಪರ್ಧೆಗೆ ಬಂದವು. ಅವುಗಳಲ್ಲಿ ಒಂದು ಮಂಗಲಂಕಳಿ. ಮಾವಿಲರು, ಮಲವೇಟ್ಟುವರು ಮದುವೆಯ ಚಪ್ಪರದಲ್ಲಿ ತುಡಿ ಬಾರಿಸುತ್ತ ಸುತ್ತುಗಟ್ಟಿ ಕುಣಿಯುವ ಕುಣಿತ. ಹಾಡುಗಳಲ್ಲಿ ತುಳು ಬೆರೆತಿದೆ.

ಮತ್ತೆ ಆ ಬ್ರ್ಯಾಕೆಟ್. 2013ರಲ್ಲಿ ಮರಾಟಿ ಎಂಬ ಹೆಸರು ಪಟ್ಟಿಗೆ ಮರಳಿದಾಗ ಬ್ರ್ಯಾಕೆಟ್ ಕೂಡ ಮರಳಿತು. ಕಣ್ಣೂರು ಜಿಲ್ಲೆ ಇದ್ದ ಜಾಗದಲ್ಲಿ ಈಗ ಕಾಸರಗೋಡು ಜಿಲ್ಲೆ. ತಾಲೂಕುಗಳು ಹಿಂದಿನಂತೆ ಎರಡೇ, ಹೊಸದುರ್ಗ ಮತ್ತು ಕಾಸರಗೋಡು. ಮರುವರ್ಷ, 2014ರಲ್ಲಿ, ಕಾಸರಗೋಡು ತಾಲೂಕನ್ನು ಒಡೆದು ಮಂಜೇಶ್ವರ ತಾಲೂಕು, ಹೊಸದುರ್ಗವನ್ನು ಒಡೆದು ವೆಳ್ಳರಿಕುಂಡ್ ತಾಲೂಕು ಮಾಡಿದರು. ಎಣ್ಮಕಜೆಯ, ಪೈವಳಿಕೆಯ ಮರಾಟಿ ಮನೆಗಳ ವಿಳಾಸದಲ್ಲಿ ಈಗ ಮಂಜೇಶ್ವರ ತಾಲೂಕು ಎಂದಿದೆ.